ಮನೆ ಮಾರುವ ಮುನ್ನ: ನೋಡಲು ಬರುವವರಿಗೆ ಮನೆ ಸಜ್ಜು ಮಾಡುವುದು ಹೇಗೆ?



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ಹಿರಿಯರು ಹೇಳಿದ್ದಾರೆ. ಮನೆ ಮಾರಿ ನೋಡು ಎಂದು ಅವರು ಹೇಳಲಿಲ್ಲ. ಆಗ ಮನೆ ಮಾರುವ ಪ್ರಸಂಗವೇ ಅಪರೂಪ. ಈಗ ಹಾಗಲ್ಲ. ಮಕ್ಕಳು ದೂರದ ಊರಿಗೆ ಹೋಗುತ್ತಾರೆ, ಆಸ್ಪತ್ರೆಯ ಸಾಲ ಏರುತ್ತದೆ, ಅಣ್ಣ ತಮ್ಮಂದಿರ ಪಾಲಾಗುತ್ತದೆ. ನಮ್ಮ ಕರಾವಳಿಯ ಹಳ್ಳಿ, ಪೇಟೆಗಳಲ್ಲಿ ಸಂಘದ ಸದಸ್ಯೆಯರೇ 'ಮನೆ ಕೊಡ್ಲಿಕ್ಕುಂಟು' ಎಂದು ಹೇಳುವುದನ್ನು ನಾವು ಕೇಳುತ್ತಿದ್ದೇವೆ.

ಮನೆ ಮಾರಬೇಕೇ ಬೇಡವೇ ಎಂಬುದು ಆ ಕುಟುಂಬಕ್ಕೆ ಬಿಟ್ಟ ವಿಚಾರ. ಮಾರಲೇಬೇಕು ಎಂದಾದ ಮೇಲೆ, ನೋಡಲು ಬರುವವರಿಗೆ ಮನೆಯನ್ನು ಹೇಗೆ ತೋರಿಸಬೇಕು ಎಂಬುದನ್ನು ಮಾತ್ರ ಇಲ್ಲಿ ತಿಳಿಸುತ್ತಿದ್ದೇವೆ. ಇದು ಸಣ್ಣ ವಿಷಯ ಎಂದು ತಿಳಿಯಬೇಡಿ. ಹೆಚ್ಚಿನವರಿಗೆ ಜೀವಮಾನದಲ್ಲಿ ಕೈಗೆ ಬರುವ ಅತಿ ದೊಡ್ಡ ಹಣ ಇದೇ.

ಒಂದು ಮನೆಯ ಕಥೆ

ನಾವು ಒಂದು ಸಂಘದ ಮಾಸಿಕ ಸಭೆಗೆ ಹೋಗಿದ್ದಾಗ ಒಬ್ಬ ಸದಸ್ಯೆ ತನ್ನ ಕಷ್ಟ ಹೇಳಿಕೊಂಡರು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಚಿಕಿತ್ಸೆಯ ಸಾಲ ಉಳಿದಿತ್ತು. ಹತ್ತು ಸೆಂಟ್ಸ್ ಜಾಗ, ಕೆಂಪು ಕಲ್ಲಿನ ಗೋಡೆಯ ಹೆಂಚಿನ ಮನೆ, ಒಂದು ಬಾವಿ. ಅದನ್ನು ಮಾರಿ, ಸಾಲ ತೀರಿಸಿ, ಮಗಳ ಮನೆಯ ಹತ್ತಿರ ಚಿಕ್ಕದೊಂದು ಮನೆ ಮಾಡುವ ಯೋಚನೆ ಅವರದು.

ಜುಲೈ ತಿಂಗಳಲ್ಲಿ ಒಂದು ಕುಟುಂಬ ನೋಡಲು ಬಂತು. ಹೊರಗೆ ಜಡಿಮಳೆ. ಒಳಗೆ ಎರಡು ಬಕೆಟ್, ಒಂದು ಪಾತ್ರೆ ಇಟ್ಟು ಸೋರುವ ನೀರು ಹಿಡಿಯುತ್ತಿದ್ದರು. ಕೋಣೆಯಲ್ಲಿ ಬಲ್ಬು ಹೋಗಿತ್ತು. ಬಂದವರು ಐದು ನಿಮಿಷ ನಿಂತು ಹೊರಟೇಬಿಟ್ಟರು. ಮರುದಿನ ಬ್ರೋಕರ್ ಫೋನ್ ಮಾಡಿ, "ಬಾಯಿ, ಮಾಡು ಪೂರ್ತಿ ತೆಗೀಬೇಕಂತೆ. ಎರಡು ಲಕ್ಷ ಕಮ್ಮಿ ಮಾಡಿದ್ರೆ ನೋಡ್ತಾರಂತೆ" ಎಂದರು.

ಮಾಡು ಪೂರ್ತಿ ಕೆಟ್ಟಿತ್ತೇ? ಇಲ್ಲ. ಮಳೆ ನಿಂತ ಮೇಲೆ ಕೆಲಸದವರನ್ನು ಹತ್ತಿಸಿ ನೋಡಿದಾಗ ಒಡೆದದ್ದು ಮೂವತ್ತೆರಡು ಹೆಂಚು, ಕೆಟ್ಟದ್ದು ನಾಲ್ಕು ರೀಪು. ಅಷ್ಟೇ.

ಇದರಲ್ಲಿ ನಮಗೊಂದು ಪಾಠ ಇದೆ. ನಾವು ಲೆಕ್ಕ ಹಾಕದ ದೋಷವನ್ನು ಬಂದವರು ಲೆಕ್ಕ ಹಾಕುತ್ತಾರೆ. ಅವರಿಗೆ ಒಳಗಿನ ಸ್ಥಿತಿ ಗೊತ್ತಿಲ್ಲ. ಗೊತ್ತಿಲ್ಲದವರು ಹೆದರುತ್ತಾರೆ. ಹೆದರಿದವರು ನಾಲ್ಕು ರೀಪಿಗೆ ಇಡೀ ಮಾಡಿನ ಖರ್ಚು ಕಳೆಯುತ್ತಾರೆ. ಆದ್ದರಿಂದ ಮನೆ ಸಜ್ಜು ಮಾಡುವುದು ಎಂದರೆ ಬಣ್ಣ ಬಳಿದು ಕಣ್ಣು ಕಟ್ಟುವುದಲ್ಲ. ಮನೆಯ ದೋಷವನ್ನು ನಾವೇ ಮೊದಲು ತಿಳಿದು, ಸರಿ ಮಾಡಬಹುದಾದದ್ದನ್ನು ಸರಿ ಮಾಡಿ, ಉಳಿದದ್ದನ್ನು ಲೆಕ್ಕ ಸಮೇತ ಹೇಳುವುದು.

ಮೊದಲು ನಾವೇ ಪರರಂತೆ ನೋಡೋಣ

ವರ್ಷಗಟ್ಟಲೆ ಇದ್ದ ಮನೆಯ ಕೊರತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಬಾಗಿಲು ಉಜ್ಜುವುದು, ನಳ್ಳಿ ತೊಟ್ಟಿಕ್ಕುವುದು ಅಭ್ಯಾಸವಾಗಿ ಹೋಗಿರುತ್ತದೆ. ಆದ್ದರಿಂದ ಸಂಘದ ಇಬ್ಬರು ಸದಸ್ಯೆಯರನ್ನು ಕರೆದು, "ನೀವು ತೆಗೆದುಕೊಳ್ಳುವವರ ಹಾಗೆ ನೋಡಿ, ದಾಕ್ಷಿಣ್ಯ ಬೇಡ" ಎನ್ನಿ. ಗೇಟಿನಿಂದ ಆರಂಭಿಸಿ ಹಿತ್ತಲಿನವರೆಗೆ ನಡೆಯಿರಿ. ಒಂದು ನೋಟು ಪುಸ್ತಕದಲ್ಲಿ ಮೂರು ಸಾಲು ಮಾಡಿ: ಖರ್ಚಿಲ್ಲದೆ ಆಗುವುದು, ಸ್ವಲ್ಪ ಖರ್ಚಿನಲ್ಲಿ ಆಗುವುದು, ನಮ್ಮಿಂದ ಆಗದ್ದು. ಮೂರನೆಯ ಸಾಲಿನ ಕೆಲಸಗಳಿಗೆ ಮೇಸ್ತ್ರಿಯನ್ನು ಕರೆದು ಅಂದಾಜು ಖರ್ಚು ಬರೆಸಿಟ್ಟುಕೊಳ್ಳಿ. ಮಾಡದಿದ್ದರೂ ಸರಿ, ಲೆಕ್ಕ ಕೈಯಲ್ಲಿರಲಿ.

ಖರ್ಚಿಲ್ಲದ ಕೆಲಸಗಳು

1. ಸಾಮಾನು ಕಡಿಮೆ ಮಾಡಿ. ಅಟ್ಟದ ಮೇಲಿನ ಹಳೆ ಡಬ್ಬ, ಮುರಿದ ಕುರ್ಚಿ, ಕೆಟ್ಟ ಮಿಕ್ಸಿ ಗುಜರಿಯವರಿಗೆ ಕೊಡಿ. ಕೋಣೆ ಖಾಲಿಯಾದಷ್ಟು ದೊಡ್ಡದಾಗಿ ಕಾಣುತ್ತದೆ. ಹೇಗೂ ಮನೆ ಬಿಡುವಾಗ ಕಟ್ಟಬೇಕಾದ ಗಂಟು, ಈಗಲೇ ಅರ್ಧ ಕಟ್ಟಿದ ಹಾಗಾಗುತ್ತದೆ.

2. ಬೆಳಕು ಬರಲಿ. ಹೆಂಚಿನ ಮನೆಗಳಲ್ಲಿ ಮಾಡಿನ ನಡುವೆ ಗಾಜಿನ ಹೆಂಚು ಇರುತ್ತದೆ. ಹೊಗೆ, ಪಾಚಿ ಹಿಡಿದು ಅದು ಕುರುಡಾಗಿರುತ್ತದೆ. ತೊಳೆಸಿದರೆ ಕೋಣೆಯೇ ಬದಲಾಗುತ್ತದೆ. ಕಿಟಿಕಿಗೆ ಒರಗಿಸಿಟ್ಟ ಕಪಾಟು ಸರಿಸಿ. ಕಿಟಿಕಿಗೆ ತಾಗುವ ಗಿಡದ ಗೆಲ್ಲು ಕಡಿಯಿರಿ.

3. ಜೇಡರ ಬಲೆ, ಅಡುಗೆ ಕೋಣೆಯ ಮಸಿ, ಸ್ವಿಚ್ಚಿನ ಸುತ್ತಲಿನ ಕೈಗುರುತು ಒರೆಸಿ. ಕಾವಿ ನೆಲವನ್ನು ಚೆನ್ನಾಗಿ ಒರೆಸಿದರೆ ಸಾಕು. ಮಿನುಗಲಿ ಎಂದು ಎಣ್ಣೆ ಹಚ್ಚಬೇಡಿ, ಬಂದವರು ಜಾರಿ ಬಿದ್ದಾರು.

4. ಅಂಗಳ, ಚರಂಡಿ ಗುಡಿಸಿ. ಮೆಟ್ಟಿಲಿನ ಪಾಚಿಯನ್ನು ಕತ್ತದ ಪೊರಕೆಯಿಂದ ಉಜ್ಜಿ ತೆಗೆಯಿರಿ. ಜಾಗದ ಮೂಲೆಗಳ ಗಡಿಕಲ್ಲು ಪೊದೆಯಲ್ಲಿ ಮುಚ್ಚಿಹೋಗಿದ್ದರೆ ಸವರಿ ಕಾಣುವಂತೆ ಮಾಡಿ. ಕೊಳ್ಳುವವರು ಮನೆಯಷ್ಟೇ ಗಡಿಯನ್ನೂ ನೋಡುತ್ತಾರೆ.

5. ಬಚ್ಚಲು ಮತ್ತು ಶೌಚಾಲಯಕ್ಕೆ ಹೆಚ್ಚು ಗಮನ ಕೊಡಿ. ಮನೆ ನೋಡಲು ಬರುವ ಹೆಂಗಸರು ಮೊದಲು ಇಣುಕುವುದು ಅಡುಗೆ ಕೋಣೆ, ಆಮೇಲೆ ಶೌಚಾಲಯ. ಅದು ಶುಚಿಯಾಗಿದ್ದರೆ ಇಡೀ ಮನೆಯ ಮೇಲೆ ವಿಶ್ವಾಸ ಬರುತ್ತದೆ.

ಸ್ವಲ್ಪ ಖರ್ಚಿನ ಕೆಲಸಗಳು

ಮಾಡು: ಒಡೆದ ಹೆಂಚು ಬದಲಿಸಿ, ಸರಿದ ಹೆಂಚು ಕೂರಿಸಿ. ಹೆಂಚಿನ ಮೇಲೆ ಬಿದ್ದ ಎಲೆ, ಕಸ ತೆಗೆಸಿ. ಎಲೆ ಕಟ್ಟಿ ನಿಂತರೆ ನೀರು ಹಿಂದಕ್ಕೆ ಹರಿದು ಒಳಗೆ ಇಳಿಯುತ್ತದೆ. ಒಡೆಯದ ಹೆಂಚು ಸೋರುವುದಕ್ಕೆ ಹಲವು ಸಲ ಇದೇ ಕಾರಣ. ಈ ಕೆಲಸ ಮಳೆಗಾಲ ಮುಗಿದ ಮೇಲೆ ಮಾಡಿಸಿ. ಪಾಚಿ ಹಿಡಿದ ಒದ್ದೆ ಹೆಂಚಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ಮರ: ಪಕ್ಕಾಸು, ರೀಪು, ಬಾಗಿಲ ಚೌಕಟ್ಟುಗಳನ್ನು ಕತ್ತಿಯ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ, ಗೋಡೆಯಲ್ಲಿ ಮಣ್ಣಿನ ಗೆರೆ ಏರಿದ್ದರೆ, ಗೆದ್ದಲು ಇದೆ ಎಂದರ್ಥ. ಗೆರೆ ಕೆರೆದು ಹಾಕಿದರೆ ಗೆದ್ದಲು ಹೋಗುವುದಿಲ್ಲ, ಗುರುತು ಮಾತ್ರ ಹೋಗುತ್ತದೆ. ಮದ್ದು ಹಾಕಿಸಿ.

ಗೋಡೆ: ಕೆಂಪು ಕಲ್ಲು ನೀರು ಹೀರುತ್ತದೆ. ಮಳೆಗಾಲದಲ್ಲಿ ಕುಡಿದ ನೀರನ್ನು ಬಿಸಿಲು ಕಾಲದಲ್ಲಿ ನಿಧಾನವಾಗಿ ಬಿಡುತ್ತದೆ. ಒದ್ದೆ ಗೋಡೆಗೆ ಪ್ಲಾಸ್ಟಿಕ್ ಪೈಂಟ್ ಬಳಿದರೆ ಒಳಗಿನ ತೇವ ಹೊರಗೆ ಬರಲಾರದೆ ಬಣ್ಣ ಗುಳ್ಳೆಯೆದ್ದು ಕಳಚುತ್ತದೆ. ಮೊದಲು ನೀರು ಬರುವ ದಾರಿ ನಿಲ್ಲಿಸಿ, ಗೋಡೆ ಒಣಗಲು ಬಿಡಿ, ಆಮೇಲೆ ಸುಣ್ಣ ಬಳಿಯಿರಿ. ಸುಣ್ಣ ಅಗ್ಗ, ಗೋಡೆಗೆ ಉಸಿರಾಡಲು ಬಿಡುತ್ತದೆ, ಕೋಣೆಗೆ ಬೆಳಕೂ ಕೊಡುತ್ತದೆ.

ಬಾವಿ: ಹಗ್ಗ, ರಾಟೆ, ಕಟ್ಟೆ ಸರಿಪಡಿಸಿ, ಮೇಲೆ ಬಲೆ ಹಾಕಿ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಬೇಕು. 6 ಅಡಿ ಅಗಲದ ದುಂಡಗಿನ ಬಾವಿಯಲ್ಲಿ 10 ಅಡಿ ನೀರಿದ್ದರೆ ಅದು ಸುಮಾರು 8 ಸಾವಿರ ಲೀಟರು, ಪೌಡರ್ 20 ಗ್ರಾಂ. ಬಕೆಟಿನಲ್ಲಿ ಕಲಸಿ, ತಳದ ಸುಣ್ಣ ಕೂತ ಮೇಲೆ ತಿಳಿನೀರನ್ನು ಮಾತ್ರ ಬಾವಿಗೆ ಬಿಟ್ಟು ಕದಡಿಸಿ. ಒಂದು ಗಂಟೆ ಬಿಟ್ಟು ಬಳಸಬಹುದು. ಏಪ್ರಿಲ್, ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ ಎಂದು ಖಂಡಿತ ಕೇಳುತ್ತಾರೆ. ಬಾವಿಗೂ ಶೌಚಾಲಯದ ಗುಂಡಿಗೂ ಎಷ್ಟು ದೂರ ಎಂದೂ ಕೇಳುತ್ತಾರೆ. ಟೇಪು ಹಿಡಿದು ಅಳೆದಿಟ್ಟುಕೊಳ್ಳಿ.

ಇಲ್ಲಿಗೆ ನಿಲ್ಲಿಸಿ. ಹೊಸ ಟೈಲ್ಸ್ ಹಾಕಿಸುವುದು, ಅಡುಗೆ ಕೋಣೆ ಒಡೆದು ಕಟ್ಟಿಸುವುದು ಬೇಡ. ಕೊಳ್ಳುವವರು ತಮ್ಮ ಮನಸ್ಸಿಗೆ ಬಂದಂತೆ ಮತ್ತೆ ಒಡೆಯುತ್ತಾರೆ. ಇದಕ್ಕಾಗಿ ಸಂಘದಿಂದ ದೊಡ್ಡ ಸಾಲ ತೆಗೆಯಲೂ ಬೇಡಿ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಲ್ಲಿ 20,000 ತೆಗೆದರೆ ತಿಂಗಳಿಗೆ 400 ರೂಪಾಯಿ ಬಡ್ಡಿಯೇ ಆಯಿತು. ಮನೆ ಯಾವಾಗ ಹೋಗುತ್ತದೆ ಎಂದು ಯಾರಿಗೆ ಗೊತ್ತು?

ಮುಚ್ಚಿಡಬಾರದ ವಿಷಯಗಳು

"ಎಲ್ಲ ಹೇಳಿದ್ರೆ ಯಾರು ತಗೊಳ್ತಾರೆ?" ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಕಾನೂನು ಸ್ಪಷ್ಟವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷಗಳನ್ನು ಮಾರುವವರೇ ತಿಳಿಸಬೇಕು. ಮನೆಯ ದೋಷಕ್ಕೂ ಹಕ್ಕಿನ ದೋಷಕ್ಕೂ ಈ ಮಾತು ಅನ್ವಯ. ತಿಳಿಸದೆ ಬಿಟ್ಟರೆ ಅದನ್ನು ವಂಚನೆ ಎಂದೇ ಕಾಯ್ದೆ ಕರೆಯುತ್ತದೆ. ಗೆದ್ದಲು ತಿಂದ ಪಕ್ಕಾಸಿಗೆ ಬಣ್ಣ ಹೊಡೆದು ಮಾರಿದರೆ ಮುಂದೆ ಕೋರ್ಟು ಕಚೇರಿಯ ಅಲೆದಾಟ ನಮಗೇ ತಪ್ಪದು.

ಜಾಗ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಅಡವಿದ್ದರೆ ಹೇಳಿ. ಮನೆಗೆ ಬರುವ ದಾರಿ ನೆರೆಯವರ ಜಾಗದಲ್ಲಿದ್ದರೆ ಹೇಳಿ. ಗಡಿಯ ತಕರಾರು ಇದ್ದರೆ ಹೇಳಿ. ಜಾಗದಲ್ಲಿ ನಾಗನ ಕಲ್ಲು, ದೈವದ ಕಟ್ಟೆ, ಹಿರಿಯರು ನೆಟ್ಟ ಶಿಲುಬೆ ಇದ್ದರೆ ಅದನ್ನು ತೋರಿಸಿ, ಮುಂದೆ ಹೇಗೆ ನಡೆಸಿಕೊಂಡು ಹೋಗಬೇಕು ಎಂದು ಮಾತಾಡಿ. ಆಮೇಲೆ ಗೊತ್ತಾದರೆ ಮನಸ್ತಾಪಕ್ಕೆ ದಾರಿ.

ಕಾಗದದ ಫೈಲು

ಮನೆ ಎಷ್ಟು ಚೆಂದ ಇದ್ದರೂ ಬಂದವರ ಎರಡನೆಯ ಪ್ರಶ್ನೆ "ರೆಕಾರ್ಡ್ ಸರಿ ಉಂಟಾ?" ಎಂದೇ. ಒಂದು ಫೈಲಿನಲ್ಲಿ ಇವುಗಳ ಜೆರಾಕ್ಸ್ ಪ್ರತಿ ಇರಲಿ: ಮೂಲಪತ್ರ ಅಥವಾ ಹಕ್ಕುಪತ್ರ, ಪಂಚಾಯತಿನ ಇ-ಸ್ವತ್ತು ದಾಖಲೆ ಅಥವಾ ಪೇಟೆಯಲ್ಲಾದರೆ ಇ-ಖಾತೆ, ಕೃಷಿ ಜಮೀನು ಸೇರಿದ್ದರೆ ಪಹಣಿ, ಜಾಗದ ನಕ್ಷೆ, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ, ಮನೆ ತೆರಿಗೆ ರಶೀದಿ, ಕರೆಂಟು ಬಿಲ್ಲು. ಋಣಭಾರ ಪತ್ರಕ್ಕೆ ಈಗ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಮಕ್ಕಳು ಮೊಬೈಲಿನಲ್ಲೇ ಮಾಡಿಕೊಟ್ಟಾರು.

ಮೂಲ ದಾಖಲೆಯನ್ನು ಬ್ರೋಕರಿಗೆ ಆಗಲಿ, ನೋಡಲು ಬಂದವರಿಗೆ ಆಗಲಿ ಕೊಡಬೇಡಿ. ಖಾಲಿ ಕಾಗದಕ್ಕೆ, ಖಾಲಿ ಸ್ಟಾಂಪ್ ಪೇಪರಿಗೆ ಸಹಿ ಹಾಕಲೇಬೇಡಿ.

ಯಾರ್ಯಾರ ಸಹಿ ಬೇಕು ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ಗಂಡ ಉಯಿಲು ಬರೆಯದೆ ತೀರಿಕೊಂಡಿದ್ದರೆ ಮನೆ ಒಬ್ಬರದಾಗಿ ಉಳಿಯುವುದಿಲ್ಲ. ಕ್ರೈಸ್ತ ಕುಟುಂಬದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ, ಮಕ್ಕಳಿದ್ದರೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಪಾಲು. ಗಂಡು, ಹೆಣ್ಣು ಎಂಬ ಭೇದವಿಲ್ಲ. ಹಿಂದೂ ಕುಟುಂಬದಲ್ಲಿ ಗಂಡನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಗಂಡನ ತಾಯಿ, ಎಲ್ಲರಿಗೂ ಪಾಲಿದೆ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕು. 'ಮದುವೆ ಮಾಡಿ ಕೊಟ್ಟಾಯ್ತಲ್ಲ' ಎಂದು ಮಗಳನ್ನು ಬಿಟ್ಟು ಮಾತು ಮುಗಿಸಿದರೆ ರಿಜಿಸ್ಟ್ರಿಯ ದಿನ ಎಲ್ಲ ನಿಂತುಹೋಗಬಹುದು. ಅದಕ್ಕಿಂತ ಮೊದಲು, ಅದು ಮಗಳಿಗೆ ಮಾಡುವ ಅನ್ಯಾಯ.

ಆಶ್ರಯದಂಥ ಸರಕಾರಿ ಯೋಜನೆಯಲ್ಲಿ ಸಿಕ್ಕಿದ ಮನೆ, ನಿವೇಶನವಾದರೆ ಹಕ್ಕುಪತ್ರದಲ್ಲಿ ಮಾರಾಟದ ಬಗ್ಗೆ ಏನು ಷರತ್ತು ಇದೆ ಎಂದು ಓದಿಸಿ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು 1978ರ ಕರ್ನಾಟಕ ಕಾಯ್ದೆಯಂತೆ ಸರಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದನ್ನು ನೋಡದೆ ಮನೆ ತೋರಿಸಲು ಹೊರಡುವುದೇ ತಪ್ಪು.

ನೋಡಲು ಬರುವ ದಿನ

ಹೊತ್ತು ಗೊತ್ತು ಮಾಡಿ. ಬೆಳಿಗ್ಗೆ 10ರಿಂದ ಸಂಜೆ 4ರ ಒಳಗೆ ಬರಲು ಹೇಳಿ. ಕತ್ತಲಾದ ಮೇಲೆ ಬರುತ್ತೇವೆ ಎಂದರೆ "ನಾಳೆ ಹಗಲು ಬನ್ನಿ" ಎನ್ನಿ. ಮನೆ ಸರಿಯಾಗಿ ಕಾಣುವುದು ಹಗಲಿನಲ್ಲೇ. ನಿಮಗೂ ಅದೇ ಕ್ಷೇಮ.

ಒಬ್ಬರೇ ಇರಬೇಡಿ. ನೆರೆಯ ಸದಸ್ಯೆಯನ್ನೋ ಅಣ್ಣನನ್ನೋ ಕರೆದುಕೊಳ್ಳಿ. ಬರುವವರ ಹೆಸರು, ಊರು, ಫೋನ್ ನಂಬರು ಮೊದಲೇ ಬರೆದುಕೊಳ್ಳಿ. ಚಿನ್ನ, ನಗದು, ಪಾಸ್ ಬುಕ್, ಆಧಾರ್ ಕಾರ್ಡು ಕಪಾಟಿನಲ್ಲಿಟ್ಟು ಬೀಗ ಹಾಕಿ. ವಾಟ್ಸಾಪಿನಲ್ಲಿ ಮನೆಯ ಫೋಟೋ ಕಳುಹಿಸುವುದಾದರೆ ಅದರಲ್ಲಿ ಮಕ್ಕಳು, ಬೆಲೆಬಾಳುವ ವಸ್ತು ಕಾಣದಂತೆ ನೋಡಿಕೊಳ್ಳಿ.

ಬೆಳಿಗ್ಗೆಯೇ ಕಿಟಿಕಿ ತೆರೆದು ಗಾಳಿ ಆಡಲಿ. ಆ ದಿನ ಒಣಮೀನು ಸುಡುವುದು ಬೇಡ, ಹಟ್ಟಿ ಬೇಗ ತೊಳೆಯಿರಿ. ಹಾಗೆಂದು ಊದುಬತ್ತಿ, ಸೆಂಟು ಹಾಕಿ ಮನೆ ತುಂಬಿಸಬೇಡಿ. 'ಏನನ್ನೋ ಮುಚ್ಚುತ್ತಿದ್ದಾರೆ' ಎಂಬ ಸಂಶಯ ಬರುತ್ತದೆ. ಎಲ್ಲ ಬಲ್ಬು ಉರಿಯಲಿ. ನಾಯಿ ಕಟ್ಟಿರಲಿ.

ಬಂದವರಿಗೆ ಕುಡಿಯಲು ನಿಮ್ಮ ಬಾವಿಯ ನೀರು ಕಾಯಿಸಿ ಆರಿಸಿ ಕೊಡಿ. ಅವರು ನೋಡುವಾಗ ಬೆನ್ನ ಹಿಂದೆಯೇ ವಿವರಿಸುತ್ತಾ ಹೋಗಬೇಡಿ. ಒಂದು ಸುತ್ತು ತೋರಿಸಿ, ಆಮೇಲೆ ಅವರಷ್ಟಕ್ಕೆ ಬಿಡಿ. ಕೇಳಿದ್ದಕ್ಕೆ ಉತ್ತರಿಸಿ.

ನಿಮ್ಮ ಅವಸರವನ್ನು ಹೇಳಿಕೊಳ್ಳಬೇಡಿ. "ಸಾಲಗಾರರು ಬಿಡುವುದಿಲ್ಲ, ಈ ತಿಂಗಳೇ ಆಗಬೇಕು" ಎಂಬ ಒಂದು ಮಾತು ಸಾವಿರಾರು ರೂಪಾಯಿ ಕಳೆಯುತ್ತದೆ. ಇದು ಸುಳ್ಳು ಹೇಳಿದಂತೆ ಅಲ್ಲ. ಮನೆಯ ದೋಷ ತಿಳಿಯುವುದು ಕೊಳ್ಳುವವರ ಹಕ್ಕು, ನಿಮ್ಮ ಸಂಕಟ ತಿಳಿಯುವುದು ಅವರ ಹಕ್ಕಲ್ಲ. ಕ್ರಯದ ಮಾತು ಮನೆಯ ಒಬ್ಬರೇ ಆಡಲಿ. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಮೊತ್ತವನ್ನು ಮನೆಯವರೆಲ್ಲ ಕೂತು ಮೊದಲೇ ನಿಶ್ಚಯಿಸಿರಲಿ. ಆ ಮಾತುಕತೆಯಲ್ಲಿ ಮನೆಯ ಹೆಂಗಸು ಚಹಾ ತರುವವಳಾಗಿ ಮಾತ್ರ ಇರಬಾರದು.

ಅವರಿಗೆ ಒಪ್ಪಿಗೆಯಾಗಿ ಮುಂಗಡ ಕೊಡಲು ಬಂದರೆ ಚೆಕ್ಕು ಅಥವಾ ಬ್ಯಾಂಕ್ ಖಾತೆಯ ಮೂಲಕವೇ ಪಡೆಯಿರಿ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಮೀರಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಕರಾರು ಪತ್ರವನ್ನು ವಕೀಲರಲ್ಲಿ ಓದಿಸದೆ ಸಹಿ ಮಾಡಬೇಡಿ.

ಆ ಮನೆ ಏನಾಯಿತು?

ಮೊದಲು ಹೇಳಿದ ಸದಸ್ಯೆ ಎರಡು ಲಕ್ಷ ಕಡಿಮೆಗೆ ಒಪ್ಪಲಿಲ್ಲ. ಮಳೆ ನಿಂತ ಮೇಲೆ ಸಂಘದ ಏಳು ಮಂದಿ ಎರಡು ಆದಿತ್ಯವಾರ ಹೋಗಿ ಸುಣ್ಣ ಬಳಿದರು, ಅಟ್ಟ ಖಾಲಿ ಮಾಡಿದರು, ಅಂಗಳ ಸವರಿದರು. ಹೆಂಚಿನ ಕೆಲಸಕ್ಕೆ ಮಾತ್ರ ಕೂಲಿ ಕೊಟ್ಟರು. ಬಚ್ಚಲಿನ ಹಿಂದಿನ ಗೋಡೆ ಬುಡದಿಂದ ಸೀಳಿತ್ತು. ಅದನ್ನು ಕಟ್ಟಿಸಲು ಹಣವಿರಲಿಲ್ಲ. ಮೇಸ್ತ್ರಿಯಿಂದ 40,000 ರೂಪಾಯಿಯ ಅಂದಾಜು ಬರೆಸಿಟ್ಟರು.

ಡಿಸೆಂಬರಿನಲ್ಲಿ ಇನ್ನೊಂದು ಕುಟುಂಬ ಬಂತು. ಆ ಮನೆಯ ಹೆಂಗಸು ಕೇಳಿದರು, "ಅಕ್ಕಾ, ಮಳೆಗಾಲದಲ್ಲಿ ಸೋರ್ತದಾ?"

"ಹೋದ ಮಳೆಗಾಲ ಸೋರ್ತಿತ್ತು. ಮೂವತ್ತೆರಡು ಹೆಂಚು ಹಾಕಿಸಿದ್ದೇನೆ, ಇಲ್ಲಿ ರಶೀದಿ ಉಂಟು. ಆದ್ರೆ ಬಚ್ಚಲಿನ ಗೋಡೆ ಕಟ್ಟಿಸ್ಲೇಬೇಕು. ಬನ್ನಿ, ತೋರಿಸ್ತೇನೆ" ಎಂದರು ಇವರು.

ಬಂದವರು ಗೋಡೆ ನೋಡಿದರು, ಚೀಟಿ ನೋಡಿದರು. ಹೇಳಿದ ಕ್ರಯದಲ್ಲಿ ಆ 40,000 ಕಳೆದು ಒಪ್ಪಿದರು. ಬೇರೆ ಚೌಕಾಸಿ ನಡೆಯಲಿಲ್ಲ. "ಇಷ್ಟು ಹೇಳಿದವರು ಬೇರೇನನ್ನೂ ಮುಚ್ಚಿಡ್ಲಿಕ್ಕಿಲ್ಲ" ಎಂದು ಆ ಹೆಂಗಸು ಗಂಡನಿಗೆ ಹೇಳಿದ್ದನ್ನು ಈ ಸದಸ್ಯೆ ಸಭೆಯಲ್ಲಿ ನಮಗೆ ಹೇಳಿದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಮೂವತ್ತು ವರ್ಷ ಬಾಳಿದ ಮನೆಯಲ್ಲವೇ? ಆದರೂ ಸೋತು ಬಿಟ್ಟುಕೊಟ್ಟೆ ಎಂಬ ಭಾವ ಅವರಲ್ಲಿ ಇರಲಿಲ್ಲ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನೀವಿರುವ ಮನೆ ಯಾರ ಹೆಸರಿನಲ್ಲಿದೆ? ದಾಖಲೆ ಎಲ್ಲಿದೆ ಎಂದು ನಿಮಗೆ ಗೊತ್ತೇ?

2. ನಿಮ್ಮ ಮನೆ ಮಾರುವ ಪ್ರಸಂಗ ಬಂದರೆ ಕ್ರಯದ ಮಾತಿನಲ್ಲಿ ನಿಮಗೆ ಸ್ಥಾನ ಇರುತ್ತದೆಯೇ?

3. ಮನೆ ಮಾರುವ ಸದಸ್ಯೆಗೆ ಸಂಘ ಯಾವ ರೀತಿ ನೆರವಾಗಬಹುದು? ಸಾಲವೇ ಬೇಕೆಂದಿಲ್ಲ, ಎರಡು ಆದಿತ್ಯವಾರದ ಶ್ರಮವೂ ನೆರವೇ.

ಚರ್ಚಿಸಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಮನೆ ಮಾರುವವರು ಇಂದು ನಿಮ್ಮಲ್ಲಿ ಯಾರೂ ಇರದಿರಬಹುದು. ಆದರೆ ಮಾಡಿನ ಹೆಂಚು, ಬಾವಿಯ ನೀರು, ಮನೆಯ ಕಾಗದ ಸರಿಯಾಗಿರಬೇಕಾದ್ದು ಇದ್ದು ಬಾಳುವವರಿಗೂ ಅಲ್ಲವೇ?